ಹಳೆಯ ಕಾರಿನ ಪ್ಲೇಯರಿನಲ್ಲಿ ಮೊಬೈಲ್ ಆಡಿಯೊ: ಇಂಜಿನ್ ಜತೆಗೆ ಏರುವ ಕೀರಲು ಸದ್ದು

ಪ್ರಶ್ನೆ (ಬದಿಯಡ್ಕದಿಂದ)

ಎಲ್ಲರಿಗೂ ನಮಸ್ಕಾರ. ತಂದೆಯವರು ಓಡಿಸುತ್ತಿದ್ದ 1999ರ ಮಾರುತಿ ಝೆನ್ ಈಗ ನನ್ನ ಬಳಿ ಇದೆ. ಅವರು ಹಾಕಿಸಿದ್ದ ಕ್ಯಾಸೆಟ್ ಪ್ಲೇಯರ್ ಇಂದಿಗೂ ಸರಿಯಾಗಿ ಕೆಲಸ ಮಾಡುತ್ತಿದೆ. ಅವರು ಬಹಳ ವರ್ಷ ಕೂಡಿಹಾಕಿದ್ದ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಕಳೆದ ಮಳೆಗಾಲದಲ್ಲಿ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ ಮೊಬೈಲಿಗೆ ಹಾಕಿಕೊಂಡಿದ್ದೇನೆ. ವಾರಕ್ಕೆರಡು ಸಲ ಮಂಗಳೂರಿಗೆ ಹೋಗಿಬರುವಾಗ ಅವುಗಳನ್ನು ಅದೇ ಕಾರಿನಲ್ಲಿ, ಅದೇ ಸ್ಪೀಕರುಗಳಲ್ಲಿ ಕೇಳಬೇಕೆಂಬುದು ನನ್ನ ಆಸೆ. ಆದ್ದರಿಂದ ಪ್ಲೇಯರನ್ನು ಕಿತ್ತು ಹೊಸದನ್ನು ಕೂರಿಸುವುದೊಂದನ್ನು ಬಿಟ್ಟು ಬೇರೆ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಇದುವರೆಗೆ ಮೂರು ಪ್ರಯತ್ನ ಮಾಡಿದ್ದೇನೆ. ಮೊದಲು ತಂದ, ಮೊಬೈಲಿನ ಧ್ವನಿಯನ್ನು ಕಾರಿನ ರೇಡಿಯೊಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಊರಿನಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ತಲಪಾಡಿ ದಾಟಿ ಮಂಗಳೂರು ಹತ್ತಿರವಾಗುತ್ತಿದ್ದಂತೆ ಬೇರೆ ಕೇಂದ್ರದ ಹಾಡು ಪ್ರಸಂಗದ ನಡುವೆ ನುಗ್ಗುತ್ತಿತ್ತು. ಬಳಿಕ ಕ್ಯಾಸೆಟ್ ಆಕಾರದ ಅಡಾಪ್ಟರ್ ಹಾಕಿದೆ. ಅದು ನಾಲ್ಕೈದು ನಿಮಿಷಕ್ಕೊಮ್ಮೆ ಕಟಕ್ಕೆಂದು ಮಗ್ಗುಲು ಬದಲಿಸುತ್ತದೆ, ಆಗ ಸದ್ದು ನಿಂತುಹೋಗುತ್ತದೆ. ಕೊನೆಗೆ ರೇಡಿಯೊ ರಿಪೇರಿಯವರೊಬ್ಬರಲ್ಲಿ ಪ್ಲೇಯರಿನ ಒಳಗಿಂದ ವೈರ್ ಎಳೆಸಿ ಮೊಬೈಲನ್ನು ವೈರಿನಿಂದ ನೇರವಾಗಿ ಜೋಡಿಸಲು 3.5 ಮಿಲಿಮೀಟರಿನ ಆಕ್ಸ್ ಸಾಕೆಟ್ ಬೆಸೆಯಿಸಿದೆ. ಇದರಲ್ಲಿ ಧ್ವನಿ ಉಳಿದೆರಡಕ್ಕಿಂತ ಎಷ್ಟೋ ಸ್ಪಷ್ಟ. ಆದರೆ ಇಂಜಿನ್ ಚಾಲೂ ಆದೊಡನೆ ಹಿನ್ನೆಲೆಯಲ್ಲಿ ಸೊಳ್ಳೆ ಗುಂಯ್ಗುಟ್ಟಿದಂತಹ ಸದ್ದು ಶುರುವಾಗುತ್ತದೆ, ರೇಸ್ ಕೊಟ್ಟಷ್ಟೂ ಅದರ ಶ್ರುತಿ ಮೇಲಕ್ಕೇರುತ್ತದೆ, ಹೆಡ್‌ಲೈಟ್ ಹಾಕಿದರೆ ಇನ್ನಷ್ಟು ಜೋರಾಗುತ್ತದೆ. ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವರು, ಮೆಲುದನಿಯಲ್ಲಿ ಮಾತನಾಡುವ ಜಾಗಗಳಲ್ಲಿ ಈ ಸದ್ದನ್ನು ಸಹಿಸಲಾಗುತ್ತಿಲ್ಲ.

ಉತ್ತರ (ಮಂಜೇಶ್ವರದಿಂದ)

ಇದು ಗ್ರೌಂಡ್ ಲೂಪಿನ ಸದ್ದು, ಅಂದರೆ ಮೊಬೈಲಿಗೆ ಎರಡು ಕಡೆಯಿಂದ ಅರ್ಥ್ (ಗ್ರೌಂಡ್) ಸೇರಿದಾಗ ಬರುವಂಥದ್ದು. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ಡಬ್ಬಿ ಆನ್‌ಲೈನಿನಲ್ಲಿ ಸಿಗುತ್ತದೆ. ಮೊಬೈಲಿಗೂ ಆಕ್ಸ್ ಸಾಕೆಟ್ಟಿಗೂ ನಡುವೆ ಅದನ್ನು ಸಿಕ್ಕಿಸಿದರೆ ಸಾಕು. ನನ್ನ ಹಳೆಯ ಮಾರುತಿ ಎಸ್ಟೀಮ್ ಕಾರಿನಲ್ಲಿ ಇದರಿಂದಲೇ ಸರಿಹೋಯಿತು.

ಉತ್ತರ (ಕುಂಬಳೆಯಿಂದ)

ಮೇಲಿನವರು ಹೇಳಿದ್ದು ಸರಿಯಿರಬಹುದು. ಆದರೂ ಏನನ್ನೂ ಕೊಳ್ಳುವ ಮೊದಲು, ಸದ್ದು ಯಾವ ದಾರಿಯಿಂದ ಒಳಗೆ ಬರುತ್ತಿದೆಯೆಂದು ಗೊತ್ತುಮಾಡಿಕೊಳ್ಳಬೇಕೆಂದು ನನ್ನ ವಿನಂತಿ. ಶ್ರುತಿಯು ಇಂಜಿನ್ನಿನ ವೇಗದೊಂದಿಗೆ ಏರಿಳಿಯುವುದರಿಂದ ಅದರ ಮೂಲ ಆಲ್ಟರ್ನೇಟರ್, ಅಂದರೆ ನಮ್ಮ ಮೆಕ್ಯಾನಿಕ್‌ಗಳು ಡೈನಮೊ ಎನ್ನುವ ಭಾಗ, ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಸದ್ದು ಪ್ಲೇಯರಿನ ಕರೆಂಟ್ ವೈರಿನಿಂದಲೂ ಬರಬಹುದು, ಮೊಬೈಲಿನ ಚಾರ್ಜರಿನಿಂದಲೂ ಬರಬಹುದು, ಆಕ್ಸ್ ವೈರಿನಿಂದಲೂ ಬರಬಹುದು. ಒಂದೊಂದಕ್ಕೂ ಮದ್ದು ಬೇರೆ.

ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಈ ಮೂರನ್ನು ನೋಡಿ. ಆಕ್ಸ್ ವೈರನ್ನು ಪೂರ್ತಿ ತೆಗೆದು ಒಳ್ಳೆಯ ಕ್ಯಾಸೆಟ್ ಒಂದನ್ನು ಹಾಕಿದಾಗಲೂ ಕೀರಲು ಇದೆಯೇ? ಆಕ್ಸ್ ಇದ್ದು, ಮೊಬೈಲಿನಿಂದ ಚಾರ್ಜರ್ ಕಿತ್ತಾಗ ಏನಾಗುತ್ತದೆ? ಚಾರ್ಜರ್ ಇದ್ದು, ಮೊಬೈಲಿನ ಆಡಿಯೊ ನಿಲ್ಲಿಸಿದಾಗ ಸದ್ದು ಉಳಿಯುತ್ತದೆಯೇ? ಎರಡನೆಯ ಪರೀಕ್ಷೆಯನ್ನು ಹಳೆಯ ತಾಳಮದ್ದಳೆಯಲ್ಲೂ, ಹೊಸದಾದ ಸ್ಟೀರಿಯೊ ಯಕ್ಷಗಾನ ಧ್ವನಿಮುದ್ರಣದಲ್ಲೂ ಮಾಡಿ, ಕೇಳಿದ್ದನ್ನು ಕೇಳಿದಂತೆಯೇ ಬರೆಯಿರಿ.

ಅಡಾಪ್ಟರ್ ಮಗ್ಗುಲು ಬದಲಿಸುವುದಕ್ಕೆ ಕಾರಣ ಸರಳವಾದದ್ದು. ಆಟೊ ರಿವರ್ಸ್ ಇರುವ ಪ್ಲೇಯರ್, ಚಕ್ರ ತಿರುಗುವುದು ನಿಂತರೆ ಟೇಪ್ ಮುಗಿಯಿತೆಂದು ತಿಳಿಯುತ್ತದೆ. ಅಡಾಪ್ಟರಿನೊಳಗಿನ ಪ್ಲಾಸ್ಟಿಕ್ ಹಲ್ಲುಚಕ್ರಗಳು ಬಿಗಿಯಾಗಿ ಸಿಕ್ಕಿಕೊಂಡಾಗ ಇದೇ ಆಗುತ್ತದೆ. ಆಕ್ಸ್ ಸರಿಹೋದರೆ ನಿಮಗೆ ಅದರ ಅಗತ್ಯವೇ ಬೀಳದು.

ಪ್ರಶ್ನೆ ಕೇಳಿದವರು

ನಿನ್ನೆ ಸಂಜೆ ಮೂರನ್ನೂ ಮಾಡಿ ನೋಡಿದೆ. ಕ್ಯಾಸೆಟ್ ಹಾಕಿದಾಗ ಕೀರಲು ಸ್ವಲ್ಪವೂ ಇಲ್ಲ. ಚಾರ್ಜರ್ ಇದ್ದು ಆಡಿಯೊ ನಿಲ್ಲಿಸಿದರೆ ಕೀರಲು ಹಾಗೆಯೇ ಇರುತ್ತದೆ. ಆದರೆ ಚಾರ್ಜರ್ ಕಿತ್ತಾಗ ಆದದ್ದು ನನಗೆ ಅರ್ಥವಾಗಲಿಲ್ಲ. ಕೀರಲು ಸಂಪೂರ್ಣ ನಿಂತಿತು, ಅದರೊಂದಿಗೆ ಧ್ವನಿಯೂ ಹೋಯಿತು. ಹೊಸ ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟು ಕೇಳುತ್ತದೆ, ಚಕ್ರತಾಳ ಕೇಳುತ್ತದೆ, ಭಾಗವತರ ಕಂಠ ಮಾತ್ರ ಬಾವಿಯ ಆಳದಿಂದ ಬಂದಂತೆ ಎಲ್ಲೋ ದೂರದಲ್ಲಿದೆ. ತಂದೆಯವರ ಹಳೆಯ ತಾಳಮದ್ದಳೆಯಲ್ಲಿ ಮಾತು ಇಲ್ಲವೇ ಇಲ್ಲ. ಕ್ಯಾಸೆಟ್‌ನ ಸುಯ್ ಎಂಬ ಸದ್ದಷ್ಟೇ ಉಳಿಯುತ್ತದೆ. ಚಾರ್ಜರ್ ಮತ್ತೆ ಸಿಕ್ಕಿಸಿದೊಡನೆ ಮಾತೂ ಕೀರಲೂ ಒಟ್ಟಿಗೆ ಮರಳುತ್ತವೆ. ಮೊಬೈಲೇ ಕೆಟ್ಟಿದೆಯೇನೋ ಎಂದು ಇಯರ್‌ಫೋನ್ ಹಾಕಿ ನೋಡಿದೆ, ಅದರಲ್ಲಿ ಎಲ್ಲವೂ ಸರಿಯಾಗಿದೆ.

ಉತ್ತರ (ಕುಂಬಳೆಯಿಂದ)

ನೀವು ಇಷ್ಟು ವಿವರವಾಗಿ ಬರೆದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ದೋಷ ಎಲ್ಲಿದೆಯೆಂದು ಈ ವಿವರವೇ ಹೇಳುತ್ತಿದೆ. ನಿಮ್ಮ ಆಕ್ಸ್ ದಾರಿಯಲ್ಲಿ ಅರ್ಥ್ ತುಂಡಾಗಿದೆ.

ಆಕ್ಸ್ ವೈರಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಎಳೆಯಿದ್ದು, ಇವೆರಡರ ಕರೆಂಟ್ ಮೊಬೈಲಿಗೆ ಮರಳಲು ಮೂರನೆಯದಾಗಿ ಅರ್ಥಿನ ಎಳೆ ಇರುತ್ತದೆ. ಅದು ತುಂಡಾದರೆ ಎಡದ ಕರೆಂಟಿಗೆ ಬಲದ ಎಳೆಯೊಂದೇ ಮರಳುವ ದಾರಿಯಾಗುತ್ತದೆ. ಆಗ ಪ್ಲೇಯರಿಗೆ ತಲುಪುವುದು ಎಡಬಲಗಳ ನಡುವಿನ ವ್ಯತ್ಯಾಸ ಮಾತ್ರ; ಎರಡರಲ್ಲೂ ಸಮನಾಗಿರುವುದೆಲ್ಲ ಪರಸ್ಪರ ಕಳೆದುಹೋಗುತ್ತದೆ. ಭಾಗವತರ ಕಂಠವನ್ನು ಧ್ವನಿಮುದ್ರಣದಲ್ಲಿ ನಡುವೆ ಇಟ್ಟಿರುತ್ತಾರೆ, ಅದು ಎರಡೂ ಕಡೆ ಸಮ. ಆದ್ದರಿಂದ ಅದು ಮಾಯವಾಗುತ್ತದೆ. ಚೆಂಡೆ ಒಂದು ಬದಿಗಿರುವುದರಿಂದ ಉಳಿಯುತ್ತದೆ. ಒಂದೇ ಮೈಕ್ ಇಟ್ಟು ಮುದ್ರಿಸಿದ ಹಳೆಯ ತಾಳಮದ್ದಳೆಯಲ್ಲಿ ಎಡಬಲಗಳೆರಡೂ ಒಂದೇ ಆಗಿರುವುದರಿಂದ ಮಾತೆಲ್ಲವೂ ಹೋಗುತ್ತದೆ. ಟೇಪಿನ ಸುಯ್ ಸದ್ದು ಮಾತ್ರ ಎರಡು ಟ್ರ್ಯಾಕುಗಳಲ್ಲಿ ಬೇರೆಬೇರೆಯಾಗಿರುತ್ತದೆ, ಹೀಗಾಗಿ ನಿಮಗೆ ಅದೊಂದೇ ಕೇಳಿಸಿತು.

ಚಾರ್ಜರ್ ಸಿಕ್ಕಿಸಿದಾಗ ಮೊಬೈಲಿಗೆ ಇನ್ನೊಂದು ಅರ್ಥ್ ದೊರೆಯುತ್ತದೆ. ಧ್ವನಿಯ ಕರೆಂಟ್ ಪ್ಲೇಯರಿನಿಂದ ಕಾರಿನ ತಗಡಿಗೆ ಇಳಿದು, ಅಲ್ಲಿಂದ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಬಂದು, ಚಾರ್ಜರಿನ ಮೂಲಕ ಮೊಬೈಲಿಗೆ ಮರಳುತ್ತದೆ. ಅದೇ ತಗಡಿನಲ್ಲಿ ಆಲ್ಟರ್ನೇಟರಿನ ಕರೆಂಟೂ ಹೆಡ್‌ಲೈಟಿನ ಕರೆಂಟೂ ಹರಿಯುತ್ತಿರುವುದರಿಂದ ಅವುಗಳ ಏರಿಳಿತವೆಲ್ಲ ಧ್ವನಿಯ ಮೇಲೆ ಕುಳಿತುಬಿಡುತ್ತದೆ. ಈ ಸ್ಥಿತಿಯಲ್ಲಿ ಐಸೊಲೇಟರ್ ಹಾಕಿದ್ದರೆ ಚಾರ್ಜರ್ ಇದ್ದಾಗಲೂ ಮಾತು ಮಾಯವಾಗುತ್ತಿತ್ತು, ಏಕೆಂದರೆ ಐಸೊಲೇಟರಿನೊಳಗಿನ ಟ್ರಾನ್ಸ್‌ಫಾರ್ಮರುಗಳು ಚಾರ್ಜರಿನ ಮೂಲಕ ಮರಳುವ ಈ ದಾರಿಯನ್ನೂ ಮುಚ್ಚಿಬಿಡುತ್ತವೆ.

ಮೊದಲು ಮೊಬೈಲಿನ ಕವರ್ ತೆಗೆದು ಪಿನ್ ಪೂರ್ತಿ ಒಳಗೆ ಕೂರುತ್ತದೆಯೇ ನೋಡಿ. ದಪ್ಪ ಕವರಿನಿಂದಾಗಿ ಪಿನ್ ಅರ್ಧದಲ್ಲಿ ನಿಂತರೂ ಇದೇ ಲಕ್ಷಣ ಕಾಣುವುದುಂಟು. ಆಮೇಲೆ ಬೇರೊಂದು ಆಕ್ಸ್ ವೈರ್ ಹಾಕಿ ನೋಡಿ. ಎರಡರಿಂದಲೂ ಬದಲಾಗದಿದ್ದರೆ ಬೆಸೆದ ಸಾಕೆಟ್ಟನ್ನೇ ಪರೀಕ್ಷಿಸಬೇಕು. ಬ್ಯಾಟರಿಯ ನೆಗೆಟಿವ್ ಕಳಚಿ, ಆಕ್ಸ್ ವೈರನ್ನು ಸಾಕೆಟ್ಟಿಗೆ ಸಿಕ್ಕಿಸಿ, ಮಲ್ಟಿಮೀಟರನ್ನು ಓಮ್ ಅಳತೆಯಲ್ಲಿಟ್ಟು, ಒಂದು ಮೊನೆಯನ್ನು ಮೊಬೈಲ್ ಕಡೆಯ ಪಿನ್ನಿನ ಬುಡದ ಉಂಗುರಕ್ಕೆ, ಇನ್ನೊಂದನ್ನು ಪ್ಲೇಯರಿನ ಲೋಹದ ಮೈಗೆ ಮುಟ್ಟಿಸಿ. ಒಂದೆರಡು ಓಮ್‌ಗಿಂತ ಹೆಚ್ಚು ತೋರಿಸಬಾರದು. ಬೆಸುಗೆ ಹಾಕುವಾಗ ಅರ್ಥನ್ನು ಸ್ಪೀಕರಿನ ನೆಗೆಟಿವ್ ವೈರಿಗೆ ಕೊಡದಂತೆ ಎಚ್ಚರವಿರಲಿ. ಬಹಳಷ್ಟು ಪ್ಲೇಯರುಗಳಲ್ಲಿ ಸ್ಪೀಕರಿನ ನೆಗೆಟಿವ್ ಅರ್ಥ್ ಆಗಿರುವುದಿಲ್ಲ. ಅದನ್ನು ಬಾಡಿಗೆ ತಾಗಿಸಿದರೆ ಒಳಗಿನ ಆಂಪ್ಲಿಫಯರ್ ಐಸಿ ಸುಟ್ಟುಹೋಗಬಹುದು, ಆ ಕಾಲದ ಐಸಿ ಈಗ ಹುಡುಕಿದರೂ ಸಿಗುವುದು ಕಷ್ಟ. ರಿಪೇರಿಯವರು ಎಡ ಮತ್ತು ಬಲದ ಎಳೆಗಳಿಗೆ ಒಂದೊಂದು ಕೆಪಾಸಿಟರ್ ಹಾಕಿದ್ದಾರೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ. 4.7 ಅಥವಾ 10 ಮೈಕ್ರೊಫ್ಯಾರಡಿನದು ಇದ್ದರೆ ಪ್ಲೇಯರಿನೊಳಗಿನ ಡಿಸಿ ವೋಲ್ಟೇಜ್ ಮೊಬೈಲಿಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಭಾನುವಾರ ಪ್ಲೇಯರನ್ನು ಹೊರಗೆಳೆದೆ. ಮೀಟರ್ ಸಂಪರ್ಕವನ್ನೇ ತೋರಿಸಲಿಲ್ಲ. ಸಾಕೆಟ್ಟಿನ ಹಿಂಬದಿಯಲ್ಲಿ ಅರ್ಥಿನ ತಾಮ್ರದ ಜಾಲರಿ ಬೆಸುಗೆಯ ಹನಿಯೊಳಗೆ ಕುಳಿತಂತೆ ಕಾಣುತ್ತಿತ್ತು, ಆದರೆ ಉಗುರಿನಿಂದ ಮೆಲ್ಲನೆ ಎತ್ತಿದಾಗ ಹನಿಯಿಂದ ಹಾಗೆಯೇ ಜಾರಿ ಬಂತು. ತುದಿಯಲ್ಲಿ ತಾಮ್ರ ಹಸಿರು ಬಣ್ಣಕ್ಕೆ ತಿರುಗಿತ್ತು. ಹಸಿರಾದ ಭಾಗವನ್ನು ಕತ್ತರಿಸಿ, ಹೊಸ ತಾಮ್ರಕ್ಕೆ ಬೆಸುಗೆ ಹಾಕಿದೆ. ಕೆಪಾಸಿಟರುಗಳು ಮೊದಲೇ ಇದ್ದವು.

ಈಗ ಚಾರ್ಜರ್ ಇಲ್ಲದೆಯೂ ಮಾತು ತುಂಬಿಕೊಂಡು ಬರುತ್ತದೆ, ಕೀರಲು ಇಲ್ಲವೇ ಇಲ್ಲ. ಚಾರ್ಜರ್ ಹಾಕಿದರೆ ಹಿಂದಿನದರ ಹತ್ತರಲ್ಲೊಂದು ಪಾಲಿನಷ್ಟು ಉಳಿದಿದೆ. ಇದನ್ನೂ ಹೋಗಲಾಡಿಸಬಹುದೇ?

ಉತ್ತರ (ಕುಂಬಳೆಯಿಂದ)

ಹೋಗಲಾಡಿಸಬಹುದು. ಇದು ನಿಜವಾದ ಗ್ರೌಂಡ್ ಲೂಪ್. ಮೊಬೈಲಿಗೆ ಈಗ ಆಕ್ಸ್ ವೈರಿನಿಂದ ಒಂದು, ಚಾರ್ಜರಿನಿಂದ ಇನ್ನೊಂದು ಅರ್ಥ್ ಇದೆ, ಎರಡೂ ಕಾರಿನ ಬೇರೆಬೇರೆ ಜಾಗಗಳಿಗೆ ಸೇರುತ್ತವೆ. ಕಡಲ ಗಾಳಿಯೂ ನಾಲ್ಕು ತಿಂಗಳ ಮಳೆಯೂ ಇರುವ ನಮ್ಮ ಕಡೆಯಲ್ಲಿ ಇಪ್ಪತ್ತೈದು ವರ್ಷ ಕಳೆದ ಕಾರಿನ ಅರ್ಥ್ ಸ್ಕ್ರೂಗಳು ತುಕ್ಕು ಹಿಡಿಯದೆ ಇರುವುದಿಲ್ಲ. ಲೈಟರ್ ಸಾಕೆಟ್ಟಿನ ನೆಗೆಟಿವ್ ವೈರನ್ನು ಕಳಚಿ, ಪ್ಲೇಯರಿನ ಕಪ್ಪು ವೈರ್ ಯಾವ ಸ್ಕ್ರೂಗೆ ಸೇರಿದೆಯೋ ಅದೇ ಸ್ಕ್ರೂಗೆ ತಂದು ಸೇರಿಸಿ. ಆ ಜಾಗವನ್ನು ಮೊದಲು ಮರಳು ಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ವ್ಯಾಸಲಿನ್ ಸವರಿ. ಬಾನೆಟ್ಟಿನ ಒಳಗೆ ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರುವ ಜಾಗಕ್ಕೂ ಇದೇ ಉಪಚಾರ ಮಾಡಿ. ಇಷ್ಟಾದ ಮೇಲೂ ಉಳಿದರೆ ಮಂಜೇಶ್ವರದವರು ಹೇಳಿದ ಐಸೊಲೇಟರನ್ನು ಧಾರಾಳವಾಗಿ ಹಾಕಬಹುದು. ಅಗ್ಗದ ಐಸೊಲೇಟರುಗಳಲ್ಲಿ ತಗ್ಗಿನ ಸ್ವರಗಳು ಸ್ವಲ್ಪ ಸೊರಗುತ್ತವೆ, ಮದ್ದಳೆಯ ಗುಂ ಎಂಬ ನಾದ ಕೊಂಚ ಕಡಿಮೆಯಾದೀತು, ಮಾತಿಗೆ ತೊಂದರೆಯಿಲ್ಲ.

ಮೊಬೈಲಿನ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ, ಉಳಿದದ್ದನ್ನು ಪ್ಲೇಯರಿನಲ್ಲಿ ಹೊಂದಿಸಿಕೊಳ್ಳಿ. ಮೊಬೈಲಿನಿಂದ ಬರುವ ಧ್ವನಿ ಬಲವಾಗಿದ್ದಷ್ಟೂ ಅಳಿದುಳಿದ ಸದ್ದು ಅದರ ಕೆಳಗೆ ಮುಳುಗುತ್ತದೆ.

ಪ್ರಶ್ನೆ (ಉಪ್ಪಳದಿಂದ)

ನನ್ನ ಕಾರಿನಲ್ಲಿ ಕ್ಯಾಸೆಟ್ಟೂ ಇಲ್ಲ, ಆಕ್ಸೂ ಇಲ್ಲ, ಬರಿಯ ರೇಡಿಯೊ. ಎಫ್‌ಎಂ ಟ್ರಾನ್ಸ್‌ಮಿಟರಿನಲ್ಲಿ ಇದೇ ನುಗ್ಗಾಟ ನನಗೂ ಇದೆ. ಉಪಾಯವೇನು?

ಉತ್ತರ (ಕುಂಬಳೆಯಿಂದ)

ಎಫ್‌ಎಂ ರಿಸೀವರ್ ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸಿಗ್ನಲ್ ಬಂದಾಗ ಬಲವಾದದ್ದನ್ನೇ ಹಿಡಿಯುತ್ತದೆ. ನಮ್ಮ ಭಾಗದಲ್ಲಿ ಮಂಗಳೂರು ಆಕಾಶವಾಣಿ 100.3ರಲ್ಲಿ, ಕಣ್ಣೂರು ಆಕಾಶವಾಣಿ 101.5ರಲ್ಲಿ ಇವೆ, ಖಾಸಗಿ ಕೇಂದ್ರಗಳು ಬೇರೆ. ನೀವು ಹೋಗುವ ದಾರಿಯ ಕೊನೆಯ ಊರಿನಲ್ಲಿ ಕಾರು ನಿಲ್ಲಿಸಿ, ಟ್ರಾನ್ಸ್‌ಮಿಟರ್ ಕಿತ್ತಿಟ್ಟು, ರೇಡಿಯೊದಲ್ಲಿ ಬರಿಯ ಮೊರೆತ ಮಾತ್ರ ಕೇಳುವ ಜಾಗವನ್ನು ಹುಡುಕಿ; 87.5ರ ಆಸುಪಾಸು ಹಲವು ಸಲ ಖಾಲಿಯಿರುತ್ತದೆ. ಉಪ್ಪಳದಲ್ಲಿ ಖಾಲಿಯಿದ್ದದ್ದು ತೊಕ್ಕೊಟ್ಟಿನಲ್ಲಿ ಖಾಲಿಯಿರುತ್ತದೆಂದು ನಂಬಬೇಡಿ. ಎಳೆದು ಉದ್ದ ಮಾಡುವ ಏರಿಯಲ್ ಇದ್ದರೆ ಅದನ್ನು ಒಳಗೆ ತಳ್ಳಿ. ದೂರದ ಕೇಂದ್ರಗಳು ಕುಗ್ಗುತ್ತವೆ, ಕಾರಿನೊಳಗೇ ಇರುವ ಟ್ರಾನ್ಸ್‌ಮಿಟರಿಗೆ ಅಷ್ಟು ನಷ್ಟವಾಗದು.

ಪ್ರಶ್ನೆ ಕೇಳಿದವರು

ಅರ್ಥನ್ನು ಒಂದೇ ಸ್ಕ್ರೂಗೆ ತಂದ ಮೇಲೆ ಇಂದು ಮಂಗಳೂರಿಗೆ ಹೋಗಿಬಂದೆ. ಚಾರ್ಜರ್ ದಾರಿಯುದ್ದಕ್ಕೂ ಹಾಕಿಯೇ ಇತ್ತು. ಆಡಿಯೊ ನಿಲ್ಲಿಸಿ, ವಾಲ್ಯೂಮ್ ಪೂರ್ತಿ ಏರಿಸಿ ಕಿವಿಗೊಟ್ಟರೆ ಮಾತ್ರ ಸಣ್ಣದೊಂದು ಎಳೆ ಕೇಳುತ್ತದೆ, ಮಾತು ಶುರುವಾದರೆ ಅದೂ ಇಲ್ಲ. ಐಸೊಲೇಟರ್ ತರಿಸುವುದಿಲ್ಲ. ಹಿಂದಿರುಗುವಾಗ ಕುಂಬಳೆಯಿಂದ ಬದಿಯಡ್ಕದವರೆಗೆ ತಂದೆಯವರು ಬಹಳ ಮೆಚ್ಚುತ್ತಿದ್ದ ಕರ್ಣಪರ್ವ ಕೇಳಿದೆ. ಒಂದು ಕಡೆ ಅರ್ಥಧಾರಿ ಮಾತು ನಿಲ್ಲಿಸಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದ್ದೂ ಸ್ಪಷ್ಟವಾಗಿ ಕೇಳಿಸಿತು.