ಅಪ್‌ಡೇಟ್: ರಾಡ್ ಚಲೋನ ಐತ್ರಿ, ಸುಟ್ಟಿದ್ದು ಎಕ್ಸ್‌ಟೆನ್ಷನ್ ಬೋರ್ಡು

ಬಾಗಲಕೋಟೆ ನವನಗರದಿಂದ ಕೇಳಿದ್ನಲ್ರೀ, ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದ 1500 ವ್ಯಾಟಿನ ಹೀಟರ್ ರಾಡಿಗೆ ನೀರು ಲಗೂನ ಕಾಯವಲ್ದು, ರಾಡ್ ಕೆಟ್ಟೈತೇನು ಅಂತ. ಚಾಲೂ ಇದ್ದಾಗ ವೋಲ್ಟೇಜ್, ಕರೆಂಟ್ ಎರಡೂ ಅಳೀರಿ ಅಂದಿದ್ರಿ. ಎಲೆಕ್ಟ್ರಿಷಿಯನ್ ಕಾಕಾ ಕ್ಲ್ಯಾಂಪ್ ಮೀಟರ್ ತಂದು ಅಳದ್ರು.

ಬಂದ್ ಇದ್ದಾಗ ಬೋರ್ಡಿನ್ಯಾಗ 224 ವೋಲ್ಟ್. ಚಾಲೂ ಮಾಡಿದ ಕೂಡ್ಲೆ 198ಕ್ಕ ಇಳೀತು, ಕರೆಂಟ್ 5.6 ಆಂಪಿಯರ್. 198ನ್ನ 5.6ರಿಂದ ಭಾಗಿಸಿದ್ರ ರಾಡಿನ ರೋಧ (ಕರೆಂಟಿಗೆ ಅದು ಒಡ್ಡೋ ಅಡ್ಡಿ) 35.4 ಓಮ್. 230 ವೋಲ್ಟಿಗೆ 1500 ವ್ಯಾಟ್ ಅಂದ್ರ (230 × 230 ÷ 1500) 35.3 ಇರಬೇಕು, ರಾಡಿಂದೇನೂ ತಪ್ಪಿಲ್ಲ. ಆದ್ರ ಸಿಗ್ತಿದ್ದ ಪವರ್ 198 × 5.6, ಬರೀ 1109 ವ್ಯಾಟ್.

ಉಳಿದ 26 ವೋಲ್ಟ್ ಎಲ್ಲಿ ಹೋತು ಅಂತ ಲೆಕ್ಕ ಹಾಕಿದಾಗ ಎದಿ ಝಲ್ ಅಂತು. 26 × 5.6, ಹತ್ತಿರ ಹತ್ತಿರ 146 ವ್ಯಾಟ್ ವೈರು, ಜೋಡಣಿಯೊಳಗ ಕಾವಾಗಿ ಹೋಗ್ತಿತ್ತು! ಬೋರ್ಡ್ ಬಿಚ್ಚಿದ್ರ ಒಂದು ಸ್ಕ್ರೂ ಸಡಲಾಗಿ, ಸುತ್ತಲಿನ ಪ್ಲಾಸ್ಟಿಕ್ ಕರ್ರಗಾಗಿ ಕರಗಿತ್ತು. ಅವ್ವ ದಿನಾ ಅದರ ಬಾಜೂಕ ನಿಂದರ್ತಿದ್ಲು.

ಈಗ ಗ್ವಾಡಿಯೊಳಗಿನ 16 ಆಂಪಿಯರ್ ಸಾಕೆಟ್ಟಿಗೆ ನೇರ ಹಾಕೀವಿ: 221 ವೋಲ್ಟ್, 6.25 ಆಂಪಿಯರ್, 1381 ವ್ಯಾಟ್. 25 ನಿಮಿಷ ಹಿಡೀತಿದ್ದ ಬಕೆಟ್ ನೀರು 20ರಾಗ ಕಾಯ್ತೈತಿ. ಅಳೀರಿ ಅಂದವ್ರಿಗೆ ಭಾಳ ಉಪಕಾರ ಆತ್ರಿ.