‘ರಗ್ಗಡ್’ಗೆ ‘ತಾಳಿಕೆ’ ಸರಿಯಾಗುತ್ತದಾ? ಜೊತೆಗೆ ಎರಚಲು, ಹೊಟ್ಟು, ಬೆವರು

ಎಲ್ಲರಿಗೂ ನಮಸ್ಕಾರ.

ಹಾಸನ, ಸಕಲೇಶಪುರ ಕಡೆಯ ಕಾಫಿ ಎಸ್ಟೇಟ್ ಮತ್ತು ಕ್ಯೂರಿಂಗ್ ವರ್ಕ್ಸ್‌ನವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹಲ್ಲಿಂಗ್ ಶೆಡ್ (ಒಣಗಿದ ಕಾಫಿಯ ಸಿಪ್ಪೆ ಬಿಡಿಸುವ ಜಾಗ), ಗೋದಾಮು, ಪಲ್ಪರ್ ಮನೆ (ಹಸಿ ಹಣ್ಣಿನ ಸಿಪ್ಪೆ ತೆಗೆಯುವ ಜಾಗ), ಕಣ, ಇಲ್ಲೆಲ್ಲ ವೈಫೈ ಹಾಕಿಸುವಾಗ ಎಂಥ ಪೆಟ್ಟಿಗೆ ಕೊಳ್ಳಬೇಕು ಅನ್ನುವುದು ವಿಷಯ. ಮಾರುವವರು ‘ರಗ್ಗಡ್ ಆಕ್ಸೆಸ್ ಪಾಯಿಂಟ್’ ಅನ್ನುತ್ತಾರೆ, ಅಂದರೆ ಬಿಸಿಲು, ನೀರು, ದೂಳಿಗೆ ಜಗ್ಗದ ವೈಫೈ ಪೆಟ್ಟಿಗೆ. ಈ ‘ರಗ್ಗಡ್’ಗೆ ಏನು ಬರೆಯೋಣ?

‘ಒರಟು’ ಆಗುವುದಿಲ್ಲ. ‘ಗಟ್ಟಿಮುಟ್ಟು’ ಅಂದರೆ ದಪ್ಪ ತಗಡಷ್ಟೇ ಕಣ್ಣಿಗೆ ಬರುತ್ತದೆ. ‘ಬಾಳಿಕೆ ಬರುವ’ ಅಂತ ಕೆಲವರು ಬರೆಯುತ್ತಾರೆ, ನನಗೆ ಅದು ಒಪ್ಪುವುದಿಲ್ಲ. ಬಾಳಿಕೆ ಅನ್ನುವುದು ಎಷ್ಟು ವರ್ಷ ಬರುತ್ತದೆ ಅನ್ನುವ ಮಾತು. ಆಫೀಸಿನ ಮೂಲೆಯಲ್ಲಿಟ್ಟ ಸಾದಾ ರೂಟರ್ ಕೂಡ ಸುಮಾರು ವರ್ಷ ಬಾಳಿಕೆ ಬರುತ್ತದೆ. ಅದನ್ನೇ ಶೆಡ್ಡಿನ ತಗಡಿನ ಕೆಳಗೆ ಕಟ್ಟಿದರೆ ಏಪ್ರಿಲ್ ಬಿಸಿಲು ತಾಳುವುದಿಲ್ಲ. ಅಂಥವನ್ನು ಸಾಮಾನ್ಯವಾಗಿ 0ಯಿಂದ 40 ಡಿಗ್ರಿಗೆ ಮಾಡಿರುತ್ತಾರೆ. ಕಾರ್ಖಾನೆಗೆಂದೇ ಮಾಡಿದವು ಮೈನಸ್ 40ರಿಂದ 70, 75 ಡಿಗ್ರಿವರೆಗೂ ನಡೆಯುತ್ತವೆ. ಬಿಸಿಲು ತಾಳು, ಚಳಿ ತಾಳು, ಪೆಟ್ಟು ತಾಳು ಅಂತ ದಿನಾ ಆಡುತ್ತೇವೆ ಅಲ್ವಾ? ಅದಕ್ಕೇ ಸದ್ಯಕ್ಕೆ ‘ತಾಳಿಕೆಯ ಪೆಟ್ಟಿಗೆ’ ಅಂತ ಬರೆದಿದ್ದೇನೆ.

ಇದಕ್ಕಿಂತ ಕಷ್ಟ ಕೊಡುತ್ತಿರುವುದು ‘ಜಲನಿರೋಧಕ’. ಪೆಟ್ಟಿಗೆಯ ಮೇಲೆ ಐಪಿ 65, ಐಪಿ 67 ಅಂತ ಇರುತ್ತದೆ. ದೂಳು, ನೀರು ಒಳಗೆ ಹೋಗದಂತೆ ಎಷ್ಟು ತಡೆಯುತ್ತದೆ ಅಂತ ಹೇಳುವ ಗುರುತು ಅದು. ಎರಡನೇ ಅಂಕಿ ನೀರಿನದು. 4 ಇದ್ದರೆ ಯಾವ ಕಡೆಯಿಂದ ನೀರು ಎರಚಿದರೂ ತಾಳುತ್ತದೆ. 5, 6 ಇದ್ದರೆ ಪೈಪಿನಿಂದ ರಭಸವಾಗಿ ಬಿಟ್ಟ ನೀರಿಗೂ ಜಗ್ಗುವುದಿಲ್ಲ. 6ರ ಪರೀಕ್ಷೆಯಲ್ಲಿ ನಿಮಿಷಕ್ಕೆ 100 ಲೀಟರ್ ಬಿಡುತ್ತಾರೆ. 7 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ಕೆಡುವುದಿಲ್ಲ. ಮುಖ್ಯವಾದ ಮಾತೇನೆಂದರೆ, 7 ಪಾಸಾದದ್ದು 6ನ್ನೂ ಪಾಸು ಮಾಡಿದೆ ಅಂತ ಅರ್ಥವಲ್ಲ. ಪಲ್ಪರ್ ಮನೆಯನ್ನು ಪೈಪ್ ಹಿಡಿದು ತೊಳೆಯುತ್ತಾರೆ, ಅಲ್ಲಿಗೆ ಬೇಕಾದದ್ದು 6. ಎಲ್ಲಕ್ಕೂ ಒಂದೇ ‘ಜಲನಿರೋಧಕ’ ಅಂತ ಬರೆದರೆ ಓದಿದವರು 67 ದೊಡ್ಡದು ಅಂತ ಅದನ್ನೇ ಕೊಂಡು ಬರುತ್ತಾರೆ. ಅದಕ್ಕೇ ಎರಚಲು, ಪೈಪ್ ನೀರು, ಮುಳುಗು ಅಂತ ಬೇರೆ ಬೇರೆ ಬರೆಯುವುದೇ ಒಳ್ಳೆಯದು ಅನ್ನಿಸುತ್ತದೆ. ‘ಎರಚಲು’ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಳಿಮಳೆಯಲ್ಲಿ ಜಗಲಿಯ ಒಳಗೋಡೆವರೆಗೂ ಬಡಿಯುತ್ತದಲ್ಲ, ಅದೇ.

ಮೊದಲ ಅಂಕಿ ದೂಳಿನದು. 5 ಇದ್ದರೆ ದೂಳು ಸ್ವಲ್ಪ ಒಳಗೆ ಹೋದೀತು, ಕೆಲಸಕ್ಕೆ ಅಡ್ಡಿಯಾಗುವಷ್ಟಲ್ಲ. 6 ಇದ್ದರೆ ಒಳಗೆ ಹೋಗುವುದೇ ಇಲ್ಲ. ‘ದೂಳು ತಾಳುವ’, ‘ದೂಳು ಹೊಗದ’ ಅಂತ ಎರಡು ಮಾಡಿದ್ದೇನೆ. ಹಲ್ಲಿಂಗ್ ನಡೆಯುವಾಗ ಏಳುವ ಕಾಫಿ ಹೊಟ್ಟು ಹಗುರ, ಬಹಳ ಸಣ್ಣದು. ತೊಲೆ, ಕೇಬಲ್, ಬಲ್ಬಿನ ಮೇಲೆಲ್ಲ ಕಂದು ಪದರ ಕೂರುತ್ತದೆ. ಗಾಳಿಗಿಂಡಿ ಇರುವ ರೂಟರ್‌ನಲ್ಲಿ ಅದು ಒಳಗೇ ಕಟ್ಟಿಕೊಂಡು ಬಿಸಿ ಹೊರಗೆ ಹೋಗಲು ಬಿಡುವುದಿಲ್ಲ. ಅಲ್ಲಿಗೆ ‘ದೂಳು ಹೊಗದ’ದ್ದೇ ಆಗಬೇಕು. ಕೇಬಲ್ ಒಳಗೆ ಹೋಗುವ ತೂತನ್ನು ಬಿಗಿ ಮಾಡುವ ಗ್ಲಾಂಡನ್ನು ಸಡಿಲ ಬಿಟ್ಟರೆ ಈ ಅಂಕಿಗಳಿಗೆ ಬೆಲೆಯೇ ಇಲ್ಲ, ಅದನ್ನೂ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇನೆ.

ಇನ್ನೊಂದು ಪದ ‘ಕಂಡೆನ್ಸೇಶನ್’. ಪಠ್ಯಪುಸ್ತಕದ ‘ಸಾಂದ್ರೀಕರಣ’ ಶೆಡ್ಡಿನಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾದಾಗ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯ ಒಳಗೂ ನೀರು ಹನಿಗಟ್ಟುತ್ತದೆ. ಎಲೆಕ್ಟ್ರಿಷಿಯನ್‌ಗಳು ‘ಡಬ್ಬಿ ಬೆವತಿದೆ’ ಅನ್ನುತ್ತಾರೆ. ‘ಒಳಬೆವರು’ ಅಂತ ಬರೆಯಲೇ? ಆವಿಯನ್ನು ಹೊರಗೆ ಬಿಟ್ಟು ನೀರನ್ನು ತಡೆಯುವ ತೆಳು ಪೊರೆ ಕೆಲವು ಪೆಟ್ಟಿಗೆಗಳಲ್ಲಿ ಇರುತ್ತದೆ. ಅದಕ್ಕೆ ‘ಉಸಿರುಪೊರೆ’ ಅಂದರೆ ನಡೆದೀತಾ?

ಅರಸೀಕೆರೆ, ಚನ್ನರಾಯಪಟ್ಟಣ ಕಡೆಯವರು ಇದ್ದರೆ ದಯವಿಟ್ಟು ಹೇಳಿ: ನಿಮ್ಮಲ್ಲಿ ‘ಎರಚಲು’ ಬಳಕೆಯಲ್ಲಿದೆಯಾ, ಅಥವಾ ಬೇರೆ ಮಾತು ಇದೆಯಾ? ಕೈಪಿಡಿ ನಿಮ್ಮ ಕಡೆಯ ಕೊಬ್ಬರಿ, ನಾರಿನ ಮಿಲ್‌ಗಳಿಗೂ ಹೋಗಬೇಕು.