ರಚ್ಚು, ಬೆಂಡು, ಹುಲ್ಲಿನಿಂದ ಎಥನಾಲ್: ಶಿಲೀಂಧ್ರದ ಕಿಣ್ವದ ಬಗ್ಗೆ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬೆಳೆಯ ಉಳಿಕೆಯಿಂದ ಎಥನಾಲ್ ಮಾಡೋದರ ಬಗ್ಗೆ ಗುಂಪಿನಲ್ಲಿ ಪ್ರಶ್ನೆಗಳು ಬರುತ್ತಲೇ ಇವೆ. ಉಳಿಕೆಯ ನಾರನ್ನು ಸಕ್ಕರೆಯಾಗಿ ಒಡೆಯುವ ಸೆಲ್ಯುಲೇಸ್ ಕಿಣ್ವವನ್ನು ಶಿಲೀಂಧ್ರಗಳಿಂದ ತೆಗೆಯುವ ಲ್ಯಾಬಿನಲ್ಲಿ ಕೆಲಸ ಮಾಡುವ ಮೇಡಂ ಉತ್ತರ ಕೊಡಲು ಒಪ್ಪಿದ್ದಾರೆ. ಕೇಳುವ ಮುಂಚೆ ಮೇಲಿರುವುದನ್ನು ಒಮ್ಮೆ ಓದಿ.

ಆಲೆಮನೆ ಮಂಡ್ಯ: ನಮಸ್ಕಾರ ಮೇಡಂ. ನಮ್ಮ ಆಲೆಮನೆಯಲ್ಲಿ ಒಲೆಗೆ ಹಾಕಿ ಮಿಕ್ಕಿದ ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಸುಮ್ನೆ ಕೊಳೆಯುತ್ತದೆ. ವಾಟ್ಸಾಪ್‌ನಲ್ಲಿ ಒಂದು ಬಂದಿದೆ. ಡ್ರಮ್ ತುಂಬ ರಚ್ಚು, ಎರಡು ಕೆಜಿ ಬೆಲ್ಲ, ಹುಳಿ ಮಜ್ಜಿಗೆ, ಅಂಗಡಿಯ ಟ್ರೈಕೋಡರ್ಮಾ ಶಿಲೀಂಧ್ರದ ಪೌಡರ್ ಹಾಕಿ 21 ದಿನ ಗಾಳಿ ಆಡದ ಹಾಗೆ ಮುಚ್ಚಿಟ್ಟರೆ ಬೈಕಿಗೆ ಹಾಕುವ ಇಂಧನ ಬರುತ್ತದಂತೆ. ನಿಜವೇ?

ಮೇಡಂ: ನಮಸ್ಕಾರ. ನಿಜ ಅಲ್ಲ, ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಟ್ರೈಕೋಡರ್ಮಾಗೆ ಗಾಳಿ ಬೇಕು, ಮುಚ್ಚಿದ ಡ್ರಮ್ಮಿನಲ್ಲಿ ಅದು ಬೆಳೆಯುವುದಿಲ್ಲ. ಬೆಳೆಯುವುದು ಬೇರೆ ಜೀವಿಗಳು, ಅವು ಬಿಡುವ ಗ್ಯಾಸ್ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಮುಚ್ಚಳ ಹಾರುತ್ತದೆ.

ಬೆಲ್ಲದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಕೆಲಸದ ಗುಟ್ಟು ಅಲ್ಲೇ ಇದೆ. ರಚ್ಚಿನಲ್ಲಿರುವ ಸೆಲ್ಯುಲೋಸ್ ಎಂಬ ನಾರನ್ನು ಕಿಣ್ವದಿಂದ ಒಡೆದು ಸಕ್ಕರೆ ಮಾಡಬೇಕು, ಆ ಸಕ್ಕರೆ ಹುದುಗಿದರೆ ಎಥನಾಲ್. ಆ ಕಿಣ್ವ ಮಾಡುವುದು ಶಿಲೀಂಧ್ರಕ್ಕೆ ದೊಡ್ಡ ಖರ್ಚಿನ ಕೆಲಸ. ಬಾಯಿಗೆ ನೇರ ಸಕ್ಕರೆ ಸಿಕ್ಕರೆ ಅದು ಕಿಣ್ವ ಮಾಡುವುದನ್ನೇ ನಿಲ್ಲಿಸುತ್ತದೆ. ಸಿಆರ್‌ಇ1 ಎಂಬ ಪ್ರೋಟೀನ್ ಕಿಣ್ವದ ಜೀನ್‌ಗಳನ್ನು ಮುಚ್ಚಿಬಿಡುತ್ತದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೇನೆಯ ಹತ್ತಿ ಬಟ್ಟೆ, ಡೇರೆಗಳನ್ನು ತಿಂದು ಹಾಕಿದ ಶಿಲೀಂಧ್ರವೇ ಇವತ್ತಿನ ಟ್ರೈಕೋಡರ್ಮಾ ರೀಸಿ. ಎಲ್ವಿನ್ ರೀಸ್ ಎಂಬ ವಿಜ್ಞಾನಿಯ ಹೆಸರು ಅದಕ್ಕಿದೆ. ಅದಕ್ಕೆ ಯುವಿ ಬೆಳಕು, ರಾಸಾಯನಿಕ ಕೊಟ್ಟು ರಟ್ಗರ್ಸ್ ವಿಶ್ವವಿದ್ಯಾಲಯದವರು 1970ರ ದಶಕದಲ್ಲಿ ರಟ್ ಸಿ30 ಎಂಬ ತಳಿ ತೆಗೆದರು. ಆಮೇಲೆ ಜೀನ್ ಓದಿ ನೋಡಿದರೆ ಆ ತಳಿಯಲ್ಲಿ ಈ ಸಿಆರ್‌ಇ1 ಜೀನೇ ತುಂಡಾಗಿತ್ತು. ಸಕ್ಕರೆ ಇದ್ದರೂ ಕಿಣ್ವ ಪೂರ್ತಿ ನಿಲ್ಲದೆ ಇರುವುದು ಅದಕ್ಕೇ. ನೀವು ಅಂಗಡಿಯಿಂದ ತರುವ ಪೌಡರ್ ಬೇರು ಕೊಳೆ ರೋಗಕ್ಕೆ ಆರಿಸಿದ ಬೇರೆ ಜಾತಿ. ಅದಕ್ಕೆ ಬೆಲ್ಲ ಹಾಕಿದರೆ ಬೂಷ್ಟು ಜಾಸ್ತಿ ಆಗುತ್ತದೆ, ಕಿಣ್ವ ಕಮ್ಮಿ ಆಗುತ್ತದೆ.

ತುಮಕೂರು ತೋಟ: ಮೇಡಂ ಯಾವ ಕಂಪನಿ ಪೌಡರ್ ಒಳ್ಳೆಯದು?

ಮೇಡಂ: ಈ ಕೆಲಸಕ್ಕೆ ಯಾವುದೂ ಅಲ್ಲ. ಮೇಲೆ ಬರೆದಿದ್ದೇನೆ.

ಎಂಎಸ್ಸಿ ಧಾರವಾಡ: ಮೇಡಂ, ನನ್ನ ಪ್ರಾಜೆಕ್ಟ್ ರೀಸಿ ಮೇಲೆ. ಭತ್ತದ ಹುಲ್ಲಿನ ಪುಡಿ ಹಾಕಿದ ಮ್ಯಾಂಡೆಲ್ಸ್ ಮಾಧ್ಯಮಕ್ಕೆ (ಶಿಲೀಂಧ್ರ ಬೆಳೆಸುವ ಪೋಷಕ ದ್ರವ) 1% ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಸೇರಿಸಿದೆ. ಮೂರನೇ ದಿನದ ಫಿಲ್ಟರ್ ಪೇಪರ್ ಮೌಲ್ಯ (ಕಿಣ್ವ ಕಾಗದವನ್ನು ಎಷ್ಟು ಸಕ್ಕರೆ ಮಾಡುತ್ತದೆ ಎಂಬ ಅಳತೆ) ಲ್ಯಾಕ್ಟೋಸ್ ಇಲ್ಲದ್ದಕ್ಕಿಂತ ಮೂರು ಪಟ್ಟು ಬಂದಿದೆ. ಗೈಡ್ ಖುಷಿಯಾಗಿದ್ದಾರೆ. ಪ್ರಬಂಧದಲ್ಲಿ ಹಾಕಲೇ?

ಮೇಡಂ: ಇನ್ನೂ ಹಾಕಬೇಡಿ. ಲ್ಯಾಕ್ಟೋಸ್ ಸಕ್ಕರೆಯೇ ಆದರೂ ಬೆಲ್ಲದ ಹಾಗಲ್ಲ, ನಿಜವಾಗಿಯೂ ಸೆಲ್ಯುಲೇಸ್‌ಗೆ ಒಳ್ಳೆಯ ಪ್ರೇರಕ, ಅಗ್ಗ ಬೇರೆ. ಆದರೆ ಲ್ಯಾಕ್ಟೋಸ್ ಸ್ವತಃ ಡಿಎನ್‌ಎಸ್ (ಸಕ್ಕರೆ ಅಳೆಯುವ ಬಣ್ಣದ ರಾಸಾಯನಿಕ) ಜೊತೆ ಸೇರಿ ಬಣ್ಣ ಕೊಡುವ ಸಕ್ಕರೆ. ಮೂರನೇ ದಿನಕ್ಕೆ ಶಿಲೀಂಧ್ರ ಅದನ್ನೆಲ್ಲ ತಿಂದು ಮುಗಿಸಿರುತ್ತದೆ ಅಂತ ಹೇಳಲು ಆಗುವುದಿಲ್ಲ. ನೀವು ಅಳೆದ ಕೆಂಪಿನಲ್ಲಿ ಕಾಗದದಿಂದ ಬಂದ ಗ್ಲೂಕೋಸ್ ಎಷ್ಟು, ಫ್ಲಾಸ್ಕಿನಲ್ಲೇ ಉಳಿದ ಲ್ಯಾಕ್ಟೋಸ್ ಎಷ್ಟು? ಎಂಜೈಮ್ ಬ್ಲ್ಯಾಂಕ್ ಇಟ್ಟಿದ್ದೀರಾ? ಅಂದರೆ ಕಾಗದ ಹಾಕದೆ 1 ಎಂಎಲ್ ಸಿಟ್ರೇಟ್ ಬಫರ್, ಅರ್ಧ ಎಂಎಲ್ ಕಿಣ್ವ, ಅದೇ 50 ಡಿಗ್ರಿ, ಅದೇ ಒಂದು ಗಂಟೆ. ಪ್ರತಿ ಫ್ಲಾಸ್ಕಿಗೂ, ಪ್ರತಿ ದಿನದ ಸ್ಯಾಂಪಲ್ಲಿಗೂ ಬೇರೆ ಬೇರೆ ಬ್ಲ್ಯಾಂಕ್ ಬೇಕು. ಬಫರ್ ಮಾತ್ರ ಇಟ್ಟು ಕಳೆದಿದ್ದರೆ ಸಾಲದು.

ಇನ್ನೊಂದು. ಎಫ್‌ಪಿಯು, ಅಂದರೆ ಫಿಲ್ಟರ್ ಪೇಪರ್ ಯೂನಿಟ್, ಅನ್ನುವುದು ಒಂದೇ ದುರ್ಬಲಿಕೆಯಲ್ಲಿ ಓದಿ ಗುಣಿಸುವ ಲೆಕ್ಕ ಅಲ್ಲ. 50 ಮಿಲಿಗ್ರಾಂ ವಾಟ್‌ಮನ್ 1 ಫಿಲ್ಟರ್ ಕಾಗದದ ಪಟ್ಟಿಯಿಂದ ಗಂಟೆಗೆ ಸರಿಯಾಗಿ 2 ಮಿಲಿಗ್ರಾಂ ಗ್ಲೂಕೋಸ್ ಬರುವ ದುರ್ಬಲಿಕೆ ಯಾವುದು ಅಂತ ಹುಡುಕಬೇಕು. ಆಮೇಲೆ 0.37 ಅನ್ನು ಅದರಿಂದ ಭಾಗಿಸಬೇಕು. ತುಂಬ ಜನ ಇದನ್ನು ಬಿಟ್ಟುಬಿಡುತ್ತಾರೆ, ಆ ಅಂಕಿಗಳನ್ನು ಬೇರೆಯವರ ಜೊತೆ ಹೋಲಿಸಲು ಬರುವುದೇ ಇಲ್ಲ. ಫಿಲ್ಟರೇಟ್ ಫ್ರಿಜ್ಜಿನಲ್ಲಿ ಇದ್ದರೆ ಇವತ್ತೇ ಬ್ಲ್ಯಾಂಕ್ ಮಾಡಿ, ಇಲ್ಲಿ ಬರೆಯಿರಿ. ನನಗೆ ನೋಡಬೇಕು.

ಹೈನು ಹಾಸನ: ಭತ್ತದ ಹುಲ್ಲಿನಲ್ಲಿ ಎಥನಾಲ್ ಮಾಡಿದರೆ ನಮ್ಮ ದನ ಏನು ತಿನ್ನಬೇಕು? ಇದನ್ನು ಯಾರೂ ಕೇಳುವುದಿಲ್ಲ.

ಗಂಗಾವತಿ ಗದ್ದೆ: ಅಣ್ಣಾ, ನಮ್ಮ ಕಡೆ ಮಿಷನ್ ಕೊಯ್ಲು ಆದಮೇಲೆ ಹುಲ್ಲು ಗದ್ದೆಯಲ್ಲೇ ಸುಡುತ್ತಾರೆ. ನಿಮ್ಮ ಹಾಸನದ ಲೆಕ್ಕ ಎಲ್ಲ ಕಡೆಗೂ ಹಾಕಬೇಡಿ.

ಹೈನು ಹಾಸನ: ಸುಡುವ ಬದಲು ನಮಗೆ ಕಳಿಸಿ.

ಗಂಗಾವತಿ ಗದ್ದೆ: ಲಾರಿ ಬಾಡಿಗೆ ನೀವು ಕೊಡ್ತೀರಾ?

ಆಟೋಮೊಬೈಲ್ ಹುಬ್ಬಳ್ಳಿ: ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಹಾಕಿಸಿ ನನ್ನ ಬೈಕ್ ಮೈಲೇಜ್ ಬಿದ್ದಿದೆ. ಮೊದಲು ಅದಕ್ಕೆ ಉತ್ತರ ಕೊಡಿ.

ಮೇಡಂ: ಹುಲ್ಲಿನ ಪ್ರಶ್ನೆ ಸರಿಯಾದ ಪ್ರಶ್ನೆ. ಹರಿಯಾಣದ ಪಾಣಿಪತ್‌ನಲ್ಲಿ 2022ರಲ್ಲಿ ಉದ್ಘಾಟನೆಯಾದ 2ಜಿ ಘಟಕ (ಬೆಳೆಯ ಉಳಿಕೆಯಿಂದ ಎಥನಾಲ್ ಮಾಡುವ ಕಾರ್ಖಾನೆ) ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿಗೆ ಕಟ್ಟಿದ್ದು, ಆ ಕಡೆ ಸುಡುವ ಹುಲ್ಲು ಅಷ್ಟಿದೆ. ಮೇವಿಗೆ ಹೋಗುವ ಹುಲ್ಲನ್ನು ಮುಟ್ಟಬಾರದು ಅಂತಲೇ ನನ್ನ ಅಭಿಪ್ರಾಯ. ಮೈಲೇಜ್ ಇಲ್ಲಿ ಬೇಡ.

ಬಿಎಸ್ಸಿ ಕಲಬುರಗಿ: ಮೇಡಂ ತಳಿ ಸುಧಾರಣೆಗೆ ಯುವಿ ಎಷ್ಟು ನಿಮಿಷ ಕೊಡಬೇಕು?

ಮೇಡಂ: ನಿಮಿಷ ಹೇಳಿದರೆ ಉಪಯೋಗ ಇಲ್ಲ. ನಿಮ್ಮ ದೀಪ, ದೂರ, ಬೀಜಕಗಳ ಸಂಖ್ಯೆ ಮೇಲೆ ಹೋಗುತ್ತದೆ. ಮೊದಲು ಸಾವಿನ ರೇಖೆ (ಎಷ್ಟು ಹೊತ್ತಿಗೆ ಎಷ್ಟು ಬೀಜಕ ಸಾಯುತ್ತವೆ ಎಂಬ ನಕ್ಷೆ) ಬರೆಯಿರಿ, ನೂರಕ್ಕೆ 1ರಿಂದ 10 ಬದುಕುವ ಜಾಗ ಹಿಡಿಯಿರಿ. ಆಮೇಲೆ ಪ್ಲೇಟುಗಳನ್ನು ಕತ್ತಲಲ್ಲಿ ಇಡಿ, ಬೆಳಕು ಬಿದ್ದರೆ ಡಿಎನ್‌ಎ ರಿಪೇರಿ ಆಗುತ್ತದೆ. ಕಣ್ಣಿಗೆ ಮುಖಕ್ಕೆ ಶೀಲ್ಡ್ ಇಲ್ಲದೆ ದೀಪ ಹಾಕಬೇಡಿ. ಸಿಎಂಸಿ (ನೀರಲ್ಲಿ ಕರಗುವ ಸೆಲ್ಯುಲೋಸ್) ಪ್ಲೇಟಿಗೆ ಕಾಂಗೋ ರೆಡ್ ಬಣ್ಣ ಹಾಕಿದಾಗ ದೊಡ್ಡ ವಲಯ ಬಂತು ಅಂತ ತಳಿ ಗೆದ್ದಿತು ಅಂದುಕೊಳ್ಳಬೇಡಿ, ಅದು ಸೆಲ್ಯುಲೇಸ್ ಗುಂಪಿನ ಎಂಡೋಗ್ಲೂಕನೇಸ್ ಕಿಣ್ವ ಒಂದನ್ನೇ ತೋರಿಸುತ್ತದೆ.

ದಾವಣಗೆರೆ ಜೋಳ: ಮೇಡಂ ನಾನು ಮೆಕ್ಕೆಜೋಳದ ಬೆಂಡು ಪುಡಿ ಮಾಡಿ, ಬೆಲ್ಲದ ನೀರು, ಪೌಡರ್ ಹಾಕಿ ಟ್ರೇಯಲ್ಲಿ ಉಗ್ರಾಣದಲ್ಲಿ ಇಟ್ಟಿದ್ದೆ. ಚೆನ್ನಾಗಿ ಬೆಳೆದಿದೆ. ಕೆಲವು ಕಡೆ ಗಾಢ ಹಸಿರು, ಜಾಸ್ತಿ ಕಡೆ ಗಿಳಿ ಹಸಿರು, ಮುಟ್ಟಿದರೆ ಪುಡಿ ಹಾರುತ್ತದೆ. ಕಿಣ್ವ ಹೇಗೆ ಹಿಂಡುವುದು? ಹಿಂಡಿದ ಮೇಲೆ ಉಳಿದದ್ದು ಹಸುವಿಗೆ ಹಾಕಬಹುದು ಅಂತ ಇನ್ನೊಂದು ಗುಂಪಿನಲ್ಲಿ ಓದಿದೆ, ಜೀರ್ಣ ಆಗುತ್ತದಂತೆ. ಅಮ್ಮನಿಗೆ ಆ ಪಕ್ಕದ ಕೋಣೆಯಲ್ಲಿ ಮಲಗಿದರೆ ಕೆಮ್ಮು ಜಾಸ್ತಿ ಆಗಿದೆ, ಅವರಿಗೆ ಮೊದಲೇ ಅಸ್ತಮಾ ಇದೆ.

ಮೇಡಂ: ಹಿಂಡಬೇಡಿ. ಹಸುವಿಗೆ ಹಾಕಬೇಡಿ. ಅಮ್ಮನನ್ನು ಇವತ್ತೇ ಆ ಕಡೆಯಿಂದ ಬೇರೆ ಕೋಣೆಗೆ ಕರೆದುಕೊಂಡು ಹೋಗಿ, ಕೆಮ್ಮು ಉಬ್ಬಸ ಇಳಿಯದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಬೂಷ್ಟಿನ ಧೂಳು ಉಸಿರಲ್ಲಿ ಒಳಗೆ ಹೋಗಿದೆ ಅಂತ ಹೇಳಿ.

ಟ್ರೈಕೋಡರ್ಮಾ ಮೊದಲು ಬಿಳಿ ಹತ್ತಿಯ ಹಾಗೆ ಬಂದು ಆಮೇಲೆ ಗಾಢ ಹಸಿರಾಗುತ್ತದೆ. ಮೆಕ್ಕೆಜೋಳದ ಮೇಲೆ ಗಿಳಿ ಹಸಿರು, ಹಳದಿ ಹಸಿರು ಪುಡಿ ಅಂದರೆ ನನ್ನ ಮೊದಲ ಅನುಮಾನ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೇರೆ ಬೂಷ್ಟು. ಮಾತಿನಲ್ಲೋ ಫೋಟೋದಲ್ಲೋ ಖಚಿತ ಮಾಡಲು ಆಗುವುದಿಲ್ಲ, ಆದರೆ ಅದೇ ಅಂತ ತಿಳಿದು ನಡೆದುಕೊಳ್ಳಬೇಕು. ಅದು ಹೊಲದಿಂದಲೇ ಜೋಳದ ಜೊತೆ ಬರುತ್ತದೆ. ನೀವು ಬೆಂಡನ್ನು ಕುಕ್ಕರಿನಲ್ಲಿ ಒತ್ತಡದ ಹಬೆಗೆ ಇಟ್ಟಿಲ್ಲ, ಮೇಲೆ ಬೆಲ್ಲ ಕೊಟ್ಟಿದ್ದೀರಿ, ಅದಕ್ಕೂ ಊಟ ಸಿಕ್ಕಿತು. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡಬಲ್ಲದು, ಅದು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣ ಆಗುವ ವಿಷ. ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ಹಸು ತಿಂದರೆ ಎಂ1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ, ಹಾಲು ಕುದಿಸಿದರೂ ಇರುತ್ತದೆ.

ತೆಗೆಯುವ ರೀತಿ: ಒಣ ಪುಡಿಯನ್ನು ಕೆದಕಬೇಡಿ, ಗುಡಿಸಬೇಡಿ, ಫ್ಯಾನ್ ಹಾಕಬೇಡಿ. ಎನ್95 ಮಾಸ್ಕ್, ಕೈಗವಸು ಹಾಕಿ, ಮೆಲ್ಲಗೆ ನೀರು ಸಿಂಪಡಿಸಿ ಒದ್ದೆ ಮಾಡಿ, ಟ್ರೇ ಸಮೇತ ಚೀಲಕ್ಕೆ ಹಾಕಿ ಕಟ್ಟಿ, ಬಾವಿ ಮೇವಿನಿಂದ ದೂರ ಆಳವಾಗಿ ಹೂಳಿ. ಅಮ್ಮ ಆ ಹೊತ್ತಿಗೆ ಮನೆಯಲ್ಲಿ ಇರಬಾರದು. ಹಸುವಿಗೆ ಈಗಾಗಲೇ ಹಾಕಿದ್ದೀರಾ?

ದಾವಣಗೆರೆ ಜೋಳ: ನಿನ್ನೆ ಸ್ವಲ್ಪ ಬೂಸಾ ಜೊತೆ ಹಾಕಿದೆವು ಮೇಡಂ.

ಮೇಡಂ: ನಿಲ್ಲಿಸಿ. ಪಶುವೈದ್ಯರಿಗೆ ಇದನ್ನೇ ಹೇಳಿ. ಆ ಬೂಷ್ಟಿನ ಮೇವು ನಿಲ್ಲಿಸಿದರೆ ಹಾಲಿನಲ್ಲಿ ವಿಷ ಕೆಲವು ದಿನದಲ್ಲಿ ಇಳಿಯುತ್ತದೆ, ಅಲ್ಲಿಯವರೆಗೆ ಆ ಹಾಲನ್ನು ಮಕ್ಕಳಿಗೆ ಕೊಡಬೇಡಿ, ಡೈರಿಗೂ ಹಾಕಬೇಡಿ.

ಸಾವಯವ ಶಿರಸಿ: ಅಜ್ಜಿ ಕಾಲದಿಂದ ಬೂಷ್ಟು ಬಂದ ಹಿಂಡಿ ಹಾಕ್ತಿದ್ರು, ಯಾವ ದನಕ್ಕೂ ಏನೂ ಆಗಿಲ್ಲ. ಬಿಸಿಲಿಗೆ ಒಣಗಿಸಿ ಅರಿಶಿನ ಬೆರೆಸಿದರೆ ವಿಷ ಹೋಗುತ್ತದೆ ಅಂತ ವಿಡಿಯೋ ಇದೆ, ಹಾಕಲೇ?

ಮೇಡಂ: ಹಾಕಬೇಡಿ. ಈಗ ತಾನೇ ಒಬ್ಬರ ಮನೆಯಲ್ಲಿ ಉಬ್ಬಸದ ತಾಯಿ ಇದ್ದಾರೆ, ಹಾಲು ಕುಡಿಯುವವರಿದ್ದಾರೆ. ಅರಿಶಿನದಿಂದ ಹೋಗುವುದಿಲ್ಲ. ದನ ಬೀಳಲಿಲ್ಲ ಅಂದ ಮಾತ್ರಕ್ಕೆ ಹಾಲಿನಲ್ಲಿ ವಿಷ ಬರಲಿಲ್ಲ ಅಂತ ಆಗುವುದಿಲ್ಲ. ಅಡ್ಮಿನ್, ಆ ವಿಡಿಯೋ ಬಂದರೆ ತೆಗೆಯಿರಿ.

ಸಾವಯವ ಶಿರಸಿ: ಓದಿದವರಿಗೆ ನಮ್ಮ ಅನುಭವ ಅಂದರೆ ತಾತ್ಸಾರ.

ಹೈನು ಹಾಸನ: ನಿಮ್ಮ ಅನುಭವ ನಿಮ್ಮ ಹತ್ತಿರ ಇಟ್ಕೊಳ್ಳಿ ಸ್ವಾಮಿ. ನಾನು ದಿನಾ ಹಾಲು ಹಾಕುವವನು, ಊರ ಮಕ್ಕಳು ಕುಡಿಯುತ್ತಾರೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಅಡಿಕೆ ತೀರ್ಥಹಳ್ಳಿ: ಅಡಿಕೆ ಸಿಪ್ಪೆಯಲ್ಲಿ ಆಗುತ್ತದಾ ಮೇಡಂ? ಸಬ್ಸಿಡಿ ಇದೆಯಾ?

ತುಮಕೂರು ತೋಟ: ಬೆಲ್ಲ ಬೇಡ ಅಂದರೆ ಕಾಕಂಬಿ ಹಾಕಬಹುದಾ?

ಮೇಡಂ: ಕಾಕಂಬಿಯೂ ಸಕ್ಕರೆಯೇ. ಬೇಡ.

ಆಲೆಮನೆ ಮಂಡ್ಯ: ಕಿಣ್ವ ಸಿಕ್ಕಿತು ಅಂದುಕೊಳ್ಳಿ, ಮನೆಯಲ್ಲೇ ಬಟ್ಟಿ ಇಳಿಸಬಹುದಲ್ವಾ?

ಮೇಡಂ: ಲೈಸೆನ್ಸ್ ಇಲ್ಲದೆ ಇಳಿಸುವುದು ಅಪರಾಧ, ಬೆಂಕಿಯ ಅಪಾಯ ಬೇರೆ. ನಿಮ್ಮ ರಚ್ಚು ಒಣಗಿಸಿ ಒಲೆಗೇ ಹಾಕಿ, ಮಿಕ್ಕಿದ್ದಕ್ಕೆ ಗೊಬ್ಬರ ಮಾಡಿ, ಅಂಗಡಿ ಪೌಡರ್ ಅಲ್ಲಿ ಕೆಲಸಕ್ಕೆ ಬರುತ್ತದೆ.

ಎಂಎಸ್ಸಿ ಧಾರವಾಡ: ಮೇಡಂ, ಬ್ಲ್ಯಾಂಕ್ ಮಾಡಿದೆ. ಲ್ಯಾಕ್ಟೋಸ್ ಫ್ಲಾಸ್ಕಿನ ಓದಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಲ್ಯಾಂಕ್‌ನಲ್ಲೇ ಬಂತು. ಕಳೆದರೂ ಲ್ಯಾಕ್ಟೋಸ್ ಇಲ್ಲದ್ದಕ್ಕಿಂತ ಸ್ವಲ್ಪ ಮೇಲೆಯೇ ಇದೆ. ಬೇಜಾರಾಯಿತು.

ಮೇಡಂ: ಬೇಜಾರು ಯಾಕೆ, ಈಗ ಉಳಿದದ್ದು ನಿಮ್ಮ ಕಿಣ್ವದ್ದು. ಐದು, ಏಳನೇ ದಿನದ ಸ್ಯಾಂಪಲ್ ತೆಗೆಯಿರಿ, ಅಷ್ಟು ಹೊತ್ತಿಗೆ ಲ್ಯಾಕ್ಟೋಸ್ ಇಳಿದಿರುತ್ತದೆ, ಬ್ಲ್ಯಾಂಕೂ ಇಳಿಯಬೇಕು. ಜೊತೆಗೆ ಪ್ರೋಟೀನ್ ಅಳೆಯಿರಿ, ಸೆಲ್ಲೋಬಯೋಸ್ ಎಂಬ ಜೋಡಿ ಸಕ್ಕರೆಯನ್ನು ಗ್ಲೂಕೋಸ್ ಮಾಡುವ ಬೀಟಾ ಗ್ಲೂಕೋಸಿಡೇಸ್ ಕಿಣ್ವವನ್ನು ಬೇರೆಯಾಗಿ ಅಳೆಯಿರಿ. ರೀಸಿಯಲ್ಲಿ ಅದು ಕಮ್ಮಿ, ಸೆಲ್ಲೋಬಯೋಸ್ ಒಡೆಯದೆ ಉಳಿದು ಬೇರೆ ಕಿಣ್ವಗಳನ್ನು ತಡೆಯುತ್ತದೆ. ಅದಕ್ಕೇ ಆಸ್ಪರ್ಜಿಲಸ್ ನೈಜರ್‌ನ (ಮೇಲಿನ ಫ್ಲೇವಸ್ ಅಲ್ಲ, ಬೇರೆ ಜಾತಿ) ಕಿಣ್ವ ಬೆರೆಸುವುದು. ಶಿಲೀಂಧ್ರ ಬೆಳೆಸುವುದು 28–30 ಡಿಗ್ರಿಯಲ್ಲಿ, ಕಿಣ್ವ ಅಳೆಯುವುದು 50ರಲ್ಲಿ, ಇವೆರಡನ್ನು ಪ್ರಬಂಧದಲ್ಲಿ ಬೇರೆ ಬೇರೆ ಬರೆಯಿರಿ. ಹಳೆಯ ಮೂರು ಪಟ್ಟಿನ ಅಂಕಿಯನ್ನು ಗೈಡ್‌ಗೆ ನೀವೇ ಹೋಗಿ ತೋರಿಸಿ ತೆಗೆಸಿ.